ಮೂರು ಆಂಪ್ಲಿಯ ಜೀಪು

ಭಾವನ ಮೇಲಿನ ಮುಂಬಲ್ಲಿನಲ್ಲಿ ಒಂದು ಕಚ್ಚು ಇತ್ತು. ಅಕ್ಕಿಕಾಳು ಕೂರುವಷ್ಟು ಸಣ್ಣದು. ವರ್ಷಗಟ್ಟಲೆ ವಯರಿನ ಪ್ಲಾಸ್ಟಿಕ್ ಸುಲಿದೂ ಸುಲಿದೂ ಬಿದ್ದದ್ದು. ಇಕ್ಕಳ ಕೈಯಲ್ಲಿದ್ದರೂ ಅವನು ವಯರನ್ನು ಬಾಯಿಗೇ ಇಡುತ್ತಿದ್ದ. ಆ ಕಚ್ಚಿನಲ್ಲಿ ಕೂರಿಸಿ, ಒಂದು ಸುತ್ತು ತಿರುಗಿಸಿ, ಸರಕ್ಕನೆ ಎಳೆದರೆ ತಾಮ್ರದ ಒಂದೆಳೆಯೂ ತುಂಡಾಗದೆ ಹೊಳೆಯುತ್ತ ಹೊರಗೆ ಬರುತ್ತಿತ್ತು. ಯಾರೂ ಇಲ್ಲದಾಗ ನಾನೂ ಒಮ್ಮೆ ಹಾಗೆ ಮಾಡಲು ಹೋಗಿ ತುಟಿ ಹರಿದುಕೊಂಡಿದ್ದೆ. ಮನೆಯಲ್ಲಿ ಮೀನಿನ ಮುಳ್ಳು ತಾಗಿತೆಂದು ಸುಳ್ಳು ಹೇಳಿದೆ.

ಅವನು ನನ್ನ ಅಕ್ಕನ ಗಂಡ. ನನಗಿಂತ ಎರಡೇ ವರ್ಷ ದೊಡ್ಡವನಾದ್ದರಿಂದ ಏಕವಚನವೇ ಬಾಯಿಗೆ ಬರುತ್ತದೆ. ಇಬ್ಬರೂ ಅಂಕೋಲೆಯ ಒಂದೇ ಶಾಲೆಯಲ್ಲಿ ಓದಿದವರು. ಅವನು ಒಂಬತ್ತನೆಯ ತರಗತಿ ಮುಗಿಸದೆ ಕಾರವಾರದ ಬಂದರಿಗೆ ಹೋಗಿ ಬೋಟುಗಳ ವಯರಿಂಗ್ ಕಲಿತ. ನಾನು ಧಾರವಾಡಕ್ಕೆ ಹೋಗಿ ಭೌತಶಾಸ್ತ್ರ ಓದಿ, ಕಾರವಾರದ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದೆ. ನಮ್ಮದು ಕಡಲಿಗೆ ಹೋಗುವ ಮನೆತನ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಅಪ್ಪ ತಾಂಡೇಲನಾಗಿದ್ದ, ಎಂದರೆ ಬೋಟು ನಡೆಸಿ, ಬಲೆ ಎಲ್ಲಿ ಬಿಡಬೇಕೆಂದು ಇಪ್ಪತ್ತು ಮಂದಿಗೆ ಹೇಳುವವನು. ಮೊಣಕಾಲು ಕೈಕೊಟ್ಟ ಮೇಲೆ ದಡಕ್ಕೆ ಬಂದ. ಬಂದವನು ಸೇರಿಕೊಂಡದ್ದು ಅಳಿಯನ ಅಂಗಡಿಯನ್ನು.

ಗಾಡಿಗಳಿಗೆ ಸೌಂಡು ಕೂರಿಸುವ ಆ ಅಂಗಡಿ ಅಂಕೋಲೆಯ ಹೆದ್ದಾರಿಯ ಬದಿಯಲ್ಲಿತ್ತು. ತಗಡಿನ ಮಾಡು, ಮುಂದೆ ಎರಡು ಗಾಡಿ ನಿಲ್ಲುವಷ್ಟು ಜಾಗ. ಕ್ಯಾಸೆಟ್ಟು ಹೋಗಿ ಸೀಡಿ ಬಂದಿದ್ದ ಕಾಲ ಅದು. ಬೋಟು ಇದ್ದವರ ಮಕ್ಕಳಿಗೆಲ್ಲ ಗಾಡಿಯಲ್ಲಿ ದೊಡ್ಡ ಸೌಂಡು ಬೇಕಾಗಿತ್ತು. ಒಂದು ಆಂಪ್ಲಿಫೈಯರ್ ಸಾಲುತ್ತಿರಲಿಲ್ಲ. ಬಾಗಿಲ ಸ್ಪೀಕರುಗಳಿಗೆ ಒಂದು, ಹಿಂದಿನವಕ್ಕೆ ಒಂದು, ಎದೆ ನಡುಗಿಸುವ ಬಾಸ್ ಪೆಟ್ಟಿಗೆಗೆ ಇನ್ನೊಂದು. ಮೂರಕ್ಕೂ ಒಂದೇ ಬ್ಯಾಟರಿಯಿಂದ ಕರೆಂಟು ಹಂಚಬೇಕು. ಬೇರೆ ಅಂಗಡಿಯವರು ಬ್ಯಾಟರಿಯ ತಲೆಯಿಂದ ಮೂರು ತಂತಿ ಎಳೆದು ಮೂರಕ್ಕೂ ಸಿಕ್ಕಿಸಿ ಗಾಡಿ ಕಳಿಸುತ್ತಿದ್ದರು. ಭಾವ ಎಳೆಯುತ್ತಿದ್ದದ್ದು ಒಂದೇ ತಂತಿ, ಕಿರುಬೆರಳಿನಷ್ಟು ದಪ್ಪದ ಕೆಂಪು ತಂತಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಅದಕ್ಕೊಂದು ದೊಡ್ಡ ಫ್ಯೂಸು. ಅಲ್ಲಿಂದ ತಂತಿ ಮ್ಯಾಟಿನಡಿ ಹಿಂದಕ್ಕೆ ಹೋಗಿ, ಅಂಗೈಯಗಲದ ಒಂದು ಪೆಟ್ಟಿಗೆ ಸೇರುತ್ತಿತ್ತು. ಒಳಗೆ ಬರುವುದು ಒಂದು ದಪ್ಪ ತಂತಿ, ಹೊರಗೆ ಹೋಗುವವು ಮೂರು ಸಣ್ಣವು, ಆ ಮೂರಕ್ಕೂ ಬೇರೆ ಬೇರೆ ಫ್ಯೂಸು. ಮೇಲೊಂದು ಗಾಜಿನಂಥ ಮುಚ್ಚಳ.

"ನಾಕು ನಾಕು ಫ್ಯೂಸ್ ಎಂತಕ್ಕೆ ಮಾರಾಯ? ಮುಂದಿಂದು ಒಂದು ಸಾಕಲಾ?" ಎಂದು ಬೇಲೆಕೇರಿ ಕಡೆಯ ಒಬ್ಬ ತಕರಾರು ತೆಗೆದದ್ದು ನೆನಪಿದೆ.

"ಲಂಗರಿನ ಹಗ್ಗಕ್ಕೆ ಗಾಳದ ದಾರ ಕಟ್ಟಿ ಜಗ್ಗಿದ್ರೆ ಹರಿಯೂದು ಯಾವ್ದಾ?" ಭಾವ ತಲೆಯೆತ್ತದೆ ಕೇಳಿದ.

"ದಾರ."

"ಮತ್ತೆ? ಲಂಗರಿನ ಹಗ್ಗ ಗಟ್ಟಿ ಇದ್ದು ದಾರಕ್ಕೆ ಎಂತ ಉಪಯೋಗ? ತಂತಿ ಎಲ್ಲಿ ಸಣ್ಣ ಆತದೋ ಅಲ್ಲೊಬ್ಬ ಕಾವ್ಲಿನವ ಬೇಕು."

ಇದೇ ವಿಷಯಕ್ಕೆ ನಾನು ತರಗತಿಯಲ್ಲಿ ಎರಡು ಪೀರಿಯಡ್ ತೆಗೆದುಕೊಳ್ಳುತ್ತಿದ್ದೆ. ಅಂಕೋಲೆಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿ ಒಂದು ದಿನ ನನ್ನ ಹಿಂದೆಯೇ ಬಸ್ಸು ಹತ್ತಿ, "ಸರ್, ನೀವು ಮೊನ್ನೆ ಕಲಿಸಿದ್ದು ನಂಗೆ ನಿನ್ನೆ ನಿಮ್ಮ ಭಾವನ ಅಂಗಡೀಲಿ ತಿಳೀತು" ಎಂದ. ಹೊಗಳಿಕೆ ಎಂದೇ ತಿಳಿದು ಹೇಳಿದ್ದ, ಪಾಪ. ಹಟ್ಟಿಕೇರಿ ದಾಟುವವರೆಗೂ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ.

ಹೊಟ್ಟೆಕಿಚ್ಚು ಎಂಬ ಮಾತನ್ನು ನಾನು ಆಗ ನನಗೇ ಒಪ್ಪಿಕೊಂಡಿರಲಿಲ್ಲ. ಅಪ್ಪ ಬೆಳಿಗ್ಗೆ ಗಂಜಿ ಉಂಡು ಅಂಗಡಿಯ ಸ್ಟೂಲಿನ ಮೇಲೆ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದದ್ದು. ನನ್ನ ಕಾಲೇಜಿಗೆ ಒಂದು ದಿನವೂ ಬಂದವನಲ್ಲ. ಮನೆಯಲ್ಲಿ ಬಲ್ಬು ಹೋದರೆ ನಾನು ಸ್ಟೂಲು ಎಳೆಯುವಷ್ಟರಲ್ಲಿ, "ನೀ ಬಿಡಾ, ಅಳಿಯ ಬತ್ತ, ಹಾಕ್ತ" ಎನ್ನುತ್ತಿದ್ದ. ಹೆತ್ತ ಆಯಿಯೂ ಅಷ್ಟೇ. ಬಂಗಡೆಯ ಸಾರು ಮಾಡಿದ ದಿನ ದೊಡ್ಡ ತುಂಡನ್ನು ಭಾವನಿಗೆ ಎತ್ತಿಟ್ಟು, ನನ್ನ ತಟ್ಟೆ ನೋಡಿ, "ನಿಂಗೆ ಬಾಲದ್ದೇ ಸೇರ್ತದಲಾ" ಎನ್ನುತ್ತಿದ್ದಳು. ನನಗೆ ಯಾವತ್ತೂ ಬಾಲದ್ದು ಸೇರಿದ್ದಿಲ್ಲ.

ಒಂದು ಭಾನುವಾರ ಹಟ ಹಿಡಿದು ಕೂತೆ. ಭಾವ ತನ್ನದೇ ಜೀಪಿಗೆ, ಬರುವ ಗಿರಾಕಿಗಳಿಗೆ ತೋರಿಸಲೆಂದು, ಮೂರು ಆಂಪ್ಲಿ ಕೂರಿಸುತ್ತಿದ್ದ. ಹಿಂದೆ ಎದುರುಬದುರು ಸೀಟಿದ್ದ ಉದ್ದನೆಯ ಹಳೇ ಜೀಪು. ಬಾಸ್ ಆಂಪ್ಲಿಗೆ ಎಷ್ಟು ಆಂಪಿಯರಿನ ಫ್ಯೂಸು ಬೇಕೆಂದು ನಾನು ಲೆಕ್ಕ ಮಾಡಿ ಹೇಳುತ್ತೇನೆ ಎಂದೆ. ಆಂಪ್ಲಿಯ ಬೆನ್ನ ಮೇಲೆ ಬರೆದದ್ದನ್ನು ನೋಡಿ, ಕಾಗದದ ಎರಡೂ ಮಗ್ಗುಲು ತುಂಬಿಸಿ, "ನೂರು" ಎಂದೆ. ಭಾವ ಆ ಸಣ್ಣ ತಂತಿಯನ್ನು ಬೆರಳುಗಳ ನಡುವೆ ಹಿಚುಕಿ ನೋಡಿದ.

"ಅರವತ್ತು."

"ಆಂಪ್ಲಿ ಅದಕ್ಕಿಂತ ಜಾಸ್ತಿ ಎಳೀತದೆ ಭಾವಾ."

"ಹಂಗಾದ್ರೆ ದಪ್ಪ ತಂತಿ ಹಾಕ್ಬೇಕು ಮಾಸ್ತರಾ, ದೊಡ್ಡ ಫ್ಯೂಸ್ ಅಲ್ಲ. ಫ್ಯೂಸ್ ಕಾಯೂದು ಆಂಪ್ಲಿನ ಅಲ್ಲ, ತಂತಿನ. ನೂರು ಹಾಕಿದ್ರೆ ತಂತಿ ಮೊದ್ಲು ಸುಡ್ತದೆ, ಫ್ಯೂಸ್ ಕೂತು ನೋಡ್ತದೆ."

ಅಪ್ಪ ಸ್ಟೂಲಿನ ಮೇಲಿಂದ ಗಹಗಹಿಸಿ ನಕ್ಕ. ಭಾವ ನಗಲಿಲ್ಲ. ನನ್ನ ಕಾಗದ ತೆಗೆದುಕೊಂಡು, ಮಡಚಿ, "ಇದು ಇರ್ಲಿ, ದಪ್ಪ ತಂತಿ ತರೂಕೆ ಹೋದಾಗ ಬೇಕಾತದೆ" ಎಂದು ಕಿಸೆಯಲ್ಲಿಟ್ಟುಕೊಂಡ. ಅಪ್ಪನ ನಗೆಗಿಂತ ಆ ಮರ್ಯಾದೆಯೇ ನನ್ನನ್ನು ಹೆಚ್ಚು ಚುಚ್ಚಿತು. ತೆಗಳಿದ್ದರೆ ತಿರುಗಿ ಬೈಯಬಹುದಿತ್ತು.

ಬೋಟಿನವರಲ್ಲಿ ಒಂದು ರೂಢಿಯಿದೆ. ನಡುಗಡಲಲ್ಲಿ ಬಲೆ ನೀರಿಗಿಳಿದಿರುವಾಗ ಫ್ಯೂಸು ಹೋದರೆ ದೀಪ ಹೋಗುತ್ತದೆ, ವಯರ್‌ಲೆಸ್ ಹೋಗುತ್ತದೆ, ತಳದ ನೀರೆತ್ತುವ ಪಂಪು ನಿಲ್ಲುತ್ತದೆ. ಆಗ ಕಾರಣ ಹುಡುಕುತ್ತ ಕೂರಲಾಗುವುದಿಲ್ಲ. ಫ್ಯೂಸಿನ ಜಾಗಕ್ಕೆ ತಾಮ್ರದ ಚೂರು ಒತ್ತಿ, ತಂತಿ ಸುಟ್ಟರೆ ಸುಡಲಿ ಎಂದು ದಡ ಸೇರುವುದು. ಅದಕ್ಕೆಂದೇ ಅಪ್ಪನ ಎಲೆಯಡಿಕೆಯ ಡಬ್ಬಿಯಲ್ಲಿ ಸುಣ್ಣದ ಪಕ್ಕ ತಾಮ್ರದ ತಗಡಿನ ಎರಡು ಚೂರು ಇರುತ್ತಿದ್ದವು. ಕಡಲು ಬಿಟ್ಟ ಮೇಲೂ ಇದ್ದವು. ಭಾವ ಅದನ್ನು ಕಂಡಾಗಲೆಲ್ಲ ರೇಗಿಸುತ್ತಿದ್ದ.

"ಮಾಮಾ, ಕಡ್ಲಲ್ಲಿ ದೀಪ ಹೋದ್ರೆ ನಿಲ್ಲೂಕೆ ಜಾಗ ಇಲ್ಲ. ರಸ್ತೇಲಿ ಇಳ್ದು ಬದೀಗೆ ನಿಂತ್ರೆ ಮುಗೀತು. ಆ ತಾಮ್ರ ಇನ್ನು ಎಂತಕ್ಕೆ? ಎಲೆಗೆ ಹಚ್ಚಿ ತಿಂತ್ರಾ?"

"ನಲ್ವತ್ತು ವರ್ಷ ನಂಗೆ ಇದು ಕೈಕೊಡ್ಲಿಲ್ಲ ಕಾಣು."

"ಬೋಟಿನ ಕೆಳ್ಗೆ ಪೂರಾ ನೀರು. ಜೀಪಿನ ಕೆಳ್ಗೆ ಡೀಸೆಲ್ ಟಾಂಕಿ."

ಅಪ್ಪ ನಗುತ್ತಿದ್ದ. ನಾನು ಹೇಳಿದ್ದರೆ ನಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಅದು ನಿಜವೋ ಅಲ್ಲವೋ, ನಾನು ಯಾವತ್ತೂ ಹೇಳಿ ನೋಡಲಿಲ್ಲ.

ಮಳೆ ಹಿಂದಾಗಿ ಬೋಟುಗಳು ಮತ್ತೆ ಕಡಲಿಗಿಳಿಯುವ ಹೊತ್ತು. ಅಪ್ಪನ ಹಳೆಯ ಜೊತೆಗಾರನೊಬ್ಬ ಕಾರವಾರದ ಬಂದರಿನಲ್ಲಿ ಹೊಸ ಬೋಟು ನೀರಿಗಿಳಿಸುವವನಿದ್ದ. ಪೂಜೆಯ ಮೊದಲ ಕಾಯಿ ಅಪ್ಪನೇ ಒಡೆಯಬೇಕೆಂದು ಹೇಳಿಕಳಿಸಿದ್ದ. ಹಾಡು ಹಾಕಲು ಭಾವನ ಜೀಪು ಬರಬೇಕೆಂದೂ ಹೇಳಿದ್ದ. ಭಾವ ಬೋಟಿಗೆ ದೀಪದ ಸರ ಕಟ್ಟಲು ಬೆಳಿಗ್ಗೆಯೇ ಬೈಕಿನಲ್ಲಿ ಹೋಗಿಬಿಟ್ಟಿದ್ದ. ಜೀಪು ನಡೆಸಿದವನು ನಾನು. ಪಕ್ಕದಲ್ಲಿ ಅಪ್ಪ. ಹಿಂದೆ ಅಕ್ಕ, ಅವಳ ನಾಲ್ಕು ವರ್ಷದ ಮಗಳು, ಒಂದು ಮೂಟೆ ತೆಂಗಿನಕಾಯಿ, ಒಂದು ಹಿತ್ತಾಳೆ ಹಂಡೆ. ಹಂಡೆಯನ್ನು ಸೀಟಿನಡಿ ತಳ್ಳಿದ್ದೂ ನಾನೇ. ಅದರ ಅಂಚು ಬಾಸ್ ಆಂಪ್ಲಿಯ ತಂತಿಯನ್ನು ಸೀಟಿನ ಕಬ್ಬಿಣದ ಕಾಲಿಗೆ ಒತ್ತಿ, ಪ್ಲಾಸ್ಟಿಕ್ಕನ್ನು ಸೀಳಿತ್ತೆಂದು ತಿಳಿದದ್ದು ಆಮೇಲೆ.

ಹಟ್ಟಿಕೇರಿಯ ಹತ್ತಿರ ಬಾಸ್ ನಿಂತಿತು. ಹಾಡು ಬರುತ್ತಿತ್ತು, ಗುದ್ದು ಇರಲಿಲ್ಲ. ಅಪ್ಪ ನಿಲ್ಲಿಸಲು ಹೇಳಿದ. ಚಹಾದಂಗಡಿಯ ಎದುರು ನಿಲ್ಲಿಸಿದೆ. ಅಪ್ಪ ನನ್ನ ಹೆಗಲು ಹಿಡಿದು ಕಷ್ಟಪಟ್ಟು ಹಿಂದೆ ಹತ್ತಿ, ಸೀಟಿನಡಿ ಬಗ್ಗಿ, ಫ್ಯೂಸಿನ ಪೆಟ್ಟಿಗೆಯ ಮುಚ್ಚಳ ತೆಗೆದ. ಮೂರರಲ್ಲಿ ಒಂದು ಫ್ಯೂಸು ಕಪ್ಪಾಗಿತ್ತು. ಬದಲಿ ಫ್ಯೂಸುಗಳು ಭಾವನ ಅಂಗಿಯ ಕಿಸೆಯಲ್ಲೇ ಹೋಗಿದ್ದವು.

"ಬಿಡಾ ಅಪ್ಪಾ," ಎಂದಳು ಅಕ್ಕ. "ಅಲ್ಲಿ ಹೋದ್ಮೇಲೆ ಅವ್ರೇ ನೋಡ್ತ್ರು. ಹಾಡು ಬರ್ತದೆ ಅಲ್ದಾ?"

"ಇಷ್ಟೇ ಸೌಂಡಲ್ಲಿ ಬಂದರಿಗೆ ಹೋದ್ರೆ ಅಳಿಯನ ಮರ್ಯಾದಿ ಎಂತ ಉಳೀತದೆ?"

ಅಪ್ಪ ಎಲೆಯಡಿಕೆಯ ಡಬ್ಬಿ ತೆಗೆದ. ತಾಮ್ರದ ಚೂರನ್ನು ಹಲ್ಲಿನಲ್ಲಿ ಕಚ್ಚಿ ಬಗ್ಗಿಸಿ, ಫ್ಯೂಸಿನ ಜಾಗದ ಮೇಲೆ ಹಿಡಿದ. ಹಿಡಿದವನು ಒತ್ತಲಿಲ್ಲ. ತಲೆಯೆತ್ತಿ ನನ್ನ ಮುಖ ನೋಡಿದ.

ಎರಡು ಮೂರು ಕ್ಷಣ ಇರಬಹುದು. ನನಗೆ ಗೊತ್ತಿತ್ತು. ಆ ಫ್ಯೂಸು ಸುಮ್ಮನೆ ಹೋಗಿಲ್ಲ ಎಂದು ಗೊತ್ತಿತ್ತು, ತಾಮ್ರ ಹಾಕಿದರೆ ಸುಡುವುದು ತಂತಿ ಎಂದೂ ಗೊತ್ತಿತ್ತು. ಮುಂದಿನ ದೊಡ್ಡ ಫ್ಯೂಸು ದಪ್ಪ ತಂತಿಯದು, ಸಣ್ಣದು ಕೆಂಪಗೆ ಕಾದರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ ಎಂಬುದೂ ಗೊತ್ತಿತ್ತು. ಹಾಕಬೇಡ ಎಂದರೆ ಸಾಕಾಗಿತ್ತು. ಆದರೆ ನನ್ನ ಕಿವಿಯಲ್ಲಿ ಅಳಿಯನ ಮರ್ಯಾದಿ ಎಂಬ ಮಾತು ಕೂತುಬಿಟ್ಟಿತ್ತು. ಆಗಲಿ, ಬಂದರಿನ ಜನರೆದುರೇ ಅವನ ಆಂಪ್ಲಿ ಹೊಗೆಯುಗುಳಲಿ, ಒಂದು ಸಲವಾದರೂ ಅವನ ಕೈಕೆಲಸ ಕೆಟ್ಟದ್ದನ್ನು ಅಪ್ಪ ನೋಡಲಿ ಎಂದುಕೊಂಡೆ. ಮಗು ಆ ಸೀಟಿನ ಮೇಲೇ ಕೂತಿದೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ನಾನು ಮುಖ ತಿರುಗಿಸಿ ಚಹಾದಂಗಡಿಯ ಬೋರ್ಡು ಓದಿದೆ. ಹಿಂದಿನಿಂದ ಟಕ್ಕೆಂದು ಸದ್ದಾಯಿತು. ಬಾಸ್ ಬಂತು. ಮಗು ಚಪ್ಪಾಳೆ ತಟ್ಟಿತು.

ಬಿಣಗಾ ಘಟ್ಟ ಇಳಿಯುವವರೆಗೂ ಏನೂ ಆಗಲಿಲ್ಲ. ಬಂದರಿನ ಒಳರಸ್ತೆಗೆ ತಿರುಗಿದಾಗ ಹೊಂಡಗಳು ಶುರುವಾದವು. ಗಾಡಿ ಕುಲುಕಿದಾಗಲೆಲ್ಲ ಸೀಳಿದ ತಂತಿ ಅರೆಬರೆ ಕಬ್ಬಿಣಕ್ಕೆ ತಾಗುತ್ತಿತ್ತು, ಬಾಸ್ ತೊದಲುತ್ತಿತ್ತು. ದೂರದಲ್ಲಿ ಬೋಟಿನ ಮೇಲೆ ನಿಂತಿದ್ದ ಭಾವನಿಗೆ ನಾವು ಕಾಣುವ ಮೊದಲೇ ಆ ತೊದಲು ಕೇಳಿತು. ತಂತಿ ಎಲ್ಲೋ ತಾಗುತ್ತಿದ್ದರೂ ಫ್ಯೂಸು ಹೋಗಿಲ್ಲವೆಂದು ಅದರಲ್ಲೇ ಅವನಿಗೆ ತಿಳಿದಿರಬೇಕು. ಅವನು ದೀಪದ ಸರ ಎಸೆದು, ಬೋಟಿನಿಂದ ಮರಳಿಗೆ ಹಾರಿ, ಎರಡೂ ಕೈ ಎತ್ತಿ ಓಡಿ ಬರುತ್ತಿದ್ದ. ನಾನು ಸ್ವಾಗತವೆಂದುಕೊಂಡೆ.

"ನಿಲ್ಸಾ! ಗಾಡಿ ನಿಲ್ಸಾ!"

ಆಗ ವಾಸನೆ ಬಂತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬೂದುಬಣ್ಣದ ಹೊಗೆ, ಹೊಗೆಯೊಳಗೆ ಅಕ್ಕನ ಕೆಮ್ಮು. ಬ್ರೇಕು ಹಾಕಿದೆ. ಅಕ್ಕ ಹಿಂದಿನ ಬಾಗಿಲಿನಿಂದ ಹೊರಗೆ ಬಿದ್ದಳು. ಮಗು ಮಾತ್ರ ಮುಂದಿನ ಮೂಲೆಯಲ್ಲಿ, ಪೆಟ್ಟಿಗೆಯ ಮೇಲಿನ ಸೀಟಿನಲ್ಲಿ ಉಳಿಯಿತು. ಮಗುವಿಗೂ ಬಾಗಿಲಿಗೂ ನಡುವೆ ಮ್ಯಾಟು ಉರಿಯುತ್ತಿತ್ತು.

"ಬಾನೆಟ್! ಬಾನೆಟ್ ಎಳಿಯಾ!" ಭಾವ ಕೂಗುತ್ತಿದ್ದ. ಬಾನೆಟ್ಟಿನ ಹಿಡಿಕೆ ನನ್ನ ಬಲ ಮೊಣಕಾಲಿನ ಹತ್ತಿರವೇ ಇತ್ತು. ಎಳೆದಿದ್ದರೆ ಯಾರಾದರೂ ಬ್ಯಾಟರಿಯ ತಂತಿ ಕಿತ್ತು ಬಿಸಾಡಬಹುದಿತ್ತು. ನನ್ನ ಎರಡೂ ಕೈ ಸ್ಟಿಯರಿಂಗಿಗೆ ಅಂಟಿಕೊಂಡಿದ್ದವು. ಈಗಲೂ ಬಸ್ಸಿನಲ್ಲಿ ಡ್ರೈವರು ಗಕ್ಕನೆ ಬ್ರೇಕು ಹಾಕಿದರೆ ನನ್ನ ಬಲಗೈ ಕೆಳಗೆ ಏನನ್ನೋ ಹುಡುಕುತ್ತದೆ.

ಭಾವ ಉರಿಯುವ ಮ್ಯಾಟಿನ ಮೇಲೆಯೇ ಬರಿಗಾಲಲ್ಲಿ ಒಳಗೆ ಹೋದ. ಮಗುವನ್ನು ಎತ್ತಿ ಹೊರಗೆ ಎಸೆದ, ಯಾರೋ ಹಿಡಿದರು. ಅವನೂ ಹಾರಬಹುದಿತ್ತು. ಆದರೆ ಮುಂದೆ ಅಪ್ಪ ಇದ್ದ, ಮೊಣಕಾಲು ಬಗ್ಗದೆ ಇಳಿಯಲಾಗದೆ ಒದ್ದಾಡುತ್ತಿದ್ದ, ನಾನಿದ್ದೆ, ಕೆಳಗೆ ಡೀಸೆಲ್ ಇತ್ತು. ಭಾವ ಸೀಟಿನಡಿ ಬಲಗೈ ಹಾಕಿ, ಕಾದು ಕೆಂಪಾಗಿದ್ದ ತಂತಿಯನ್ನು ಮುಷ್ಟಿಯಲ್ಲಿ ಹಿಡಿದು ಪೆಟ್ಟಿಗೆಯಿಂದ ಕಿತ್ತ. ಉಳಿದೆರಡು ತಂತಿಗಳೂ ಜೊತೆಗೇ ಕಿತ್ತು ಬಂದು ಹಾಡು ನಿಂತಿತು. ಅಷ್ಟು ದೊಡ್ಡ ಸೌಂಡಿನ ಮೇಲೆ ಬಂದ ಆ ಮೌನದಲ್ಲಿ ಅವನ ಕೈಯ ಚರಚರ ಸದ್ದು ನನಗೆ ಕೇಳಿಸಿತು. ಜನ ಬುಟ್ಟಿಗಳಲ್ಲಿ ಮರಳು ತಂದು ಸುರಿದರು.

ಪೂಜೆ ತಡವಾಗಿ ನಡೆಯಿತಂತೆ. ಕಾಯಿ ಬೇರೆ ಯಾರೋ ಒಡೆದರು.

ಆಸ್ಪತ್ರೆಯಲ್ಲಿ ಅಪ್ಪ ಭಾವನ ಮಂಚದ ಪಕ್ಕ ಕೂತಿದ್ದ. ನಾನು ಹೊರಗೆ ಮಗುವನ್ನು ಎತ್ತಿಕೊಂಡು ತಿರುಗುತ್ತಿದ್ದೆ. ಮಗುವಿಗೆ ಕೂದಲ ತುದಿ ಸೀದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಸಂಜೆ ಬೋಟಿನವರು ನೋಡಲು ಬಂದಾಗ ಭಾವ ಅವರಿಗೆ ಹೇಳಿದ, "ನಂದೇ ತಪ್ಪು. ಪೆಟ್ಟಿಗೆ ಸ್ಕ್ರೂ ಸಡ್ಲ ಇತ್ತು. ಬಿಗೀ ಮಾಡೂಕೆ ಮರ್ತೆ." ನಾನು ಬಾಗಿಲಲ್ಲಿ ನಿಂತು ಕೇಳಿದೆ. ಅವನಿಗೆ ತಾಮ್ರದ ಚೂರು ಕಂಡಿಲ್ಲ, ಉರಿಯಲ್ಲಿ ಹೋಗಿದೆ, ಅಕ್ಕನೂ ಅಪ್ಪನ ಸಲುವಾಗಿ ಹೇಳಿಲ್ಲ ಎಂದು ತಿಳಿದೆ. ತಿಳಿದು, ಸುಮ್ಮನಾದೆ. ಎರಡನೆಯ ಸಲ.

ಆ ಮಾತು ಅಂಕೋಲೆ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. "ತನ್ನ ಹೆಂಡತಿ ಮಕ್ಳ ಗಾಡೀನೇ ಸುಟ್ಕಂಡವ" ಎಂದು ಜನ ಆಡಿಕೊಂಡರು. ಗಿರಾಕಿಗಳು ಬೇರೆ ಕಡೆ ಹೋದರು. ಹೋಗದಿದ್ದರೂ ಅವನಿಂದ ಆಗುತ್ತಿರಲಿಲ್ಲ. ಬಲಗೈಯ ನಡುವಿನ ಎರಡು ಬೆರಳು ಮತ್ತೆ ಮಡಚಲಿಲ್ಲ, ಉಳಿದವಕ್ಕೆ ತಂತಿಯ ದಪ್ಪ ತಿಳಿಯುತ್ತಿರಲಿಲ್ಲ. ಅಂಗಡಿಯಲ್ಲಿ ಸ್ಪೀಕರು, ಫ್ಯೂಸು, ತಂತಿ ಮಾರತೊಡಗಿದ. ಫಿಟ್ಟಿಂಗ್ ಇಲ್ಲ. ಅಪ್ಪ ಅಂಗಡಿಗೆ ಹೋಗುವುದನ್ನು ಬಿಟ್ಟ. ಅಳಿಯನ ಮೇಲೆ ಅಪ್ಪನಿಗೆ ಬೇಸರ ಬಂದಿದೆ ಎಂದು ಆಯಿ ಹೇಳಿದಾಗ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನ್ನೊಳಗೆ ಎಲ್ಲೋ ಸ್ವಲ್ಪ ತಣ್ಣಗಾಯಿತು. ಈಗ ಸಂಜೆಗಳಲ್ಲಿ ಅಪ್ಪ ನನ್ನ ಹತ್ತಿರ ಕೂರುತ್ತಿದ್ದ. ಕರೆಂಟಿನ ಬಿಲ್ಲು ಬಂದರೆ ನನಗೆ ಕೊಟ್ಟು, "ನೀ ಓದು, ನಿಂಗೆ ತಿಳೀತದೆ" ಎನ್ನುತ್ತಿದ್ದ. ಇಷ್ಟು ವರ್ಷ ನಾನು ಕಾಯುತ್ತಿದ್ದದ್ದು ಅದನ್ನೇ. ಅದು ಸಿಕ್ಕಿತು, ಆದರೆ ಅಪ್ಪನ ಕಣ್ಣು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ನಾಲ್ಕು ವರ್ಷದ ಮೇಲೆ ಅಪ್ಪ ತೀರಿಕೊಂಡ. ಉತ್ತರಕ್ರಿಯೆಯ ದಿನಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಬೆಳಿಗ್ಗೆ ಅಂಗಡಿಗೆ ಹೋದ ನಾನು, ಅಪ್ಪ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂರದೆ, ನಿಂತೇ ಹೇಳಿದೆ.

"ಭಾವಾ, ಆವತ್ತು ಸ್ಕ್ರೂ ಸಡ್ಲ ಇರ್ಲಿಲ್ಲ. ಹಟ್ಟಿಕೇರೀಲಿ ಅಪ್ಪ ತಾಮ್ರ ಹಾಕ್ದ. ನಾ ನೋಡ್ತಾ ಇದ್ದೆ. ಹಾಕ್ಬೇಡ ಅನ್ಲಿಲ್ಲ."

ಭಾವ ಎಡಗೈಯಲ್ಲಿ ಫ್ಯೂಸುಗಳನ್ನು ಡಬ್ಬಿಗೆ ತುಂಬುತ್ತಿದ್ದ. ಕೈ ನಿಲ್ಲಲಿಲ್ಲ.

"ಗೊತ್ತುಂಟು."

"ಯಾರು ಹೇಳಿದ್ರು?"

"ಮಾಮಾನೇ ಹೇಳಿದ್ರು. ಆಸ್ಪತ್ರೇಲೇ."

ಅವನು ಡಬ್ಬಿಯ ಮುಚ್ಚಳ ಹಾಕಿ, ಹೊರಗೆ ಹೋಗುತ್ತಿದ್ದ ಲಾರಿಯ ಸದ್ದು ಕಡಿಮೆಯಾಗಲೆಂದು ಕಾದ.

"ತಾಮ್ರ ಹಾಕಿದ್ದು ತಪ್ಪಾಯ್ತಾ ಅಂತ ನನ್ನ ಕೇಳಿದ್ರು. ಕೇಳಿ ಅವ್ರೇ ಹೇಳಿದ್ರು, 'ತಪ್ಪಿರೂಕಿಲ್ಲ. ಹಾಕೂಕೆ ಮುಂಚೆ ನಾ ನನ್ನ ಮಗನ ಮುಖ ನೋಡ್ದೆ. ಕರೆಂಟಿನ ವಿಷ್ಯ ಪೂರಾ ಓದ್ದವ ಅವ. ತಪ್ಪಾಗಿದ್ರೆ ನನ್ನ ಮಗ ಸುಮ್ನೆ ನಿಲ್ತಿರ್ಲಿಲ್ಲ. ನಿನ್ನ ಕೆಲ್ಸದಲ್ಲೇ ಎಂತೋ ಆಗಿರ್ಬೇಕು ಕಾಣು' ಅಂತ. ನಾ ಎಂತ ಹೇಳೂದು ಮಾಸ್ತರಾ? ಹೌದು ಮಾಮಾ, ಸ್ಕ್ರೂ ಸಡ್ಲ ಇತ್ತು ಅಂದೆ."

ನಾನು ಅಪ್ಪನ ಸ್ಟೂಲು ಎಳೆದು ಕೂತೆ. ಹಟ್ಟಿಕೇರಿಯಲ್ಲಿ ಅಪ್ಪ ತಲೆಯೆತ್ತಿ ನೋಡಿದ್ದನ್ನು ನಾಲ್ಕು ವರ್ಷವೂ ದಿನಕ್ಕೊಮ್ಮೆ ನೆನೆದಿದ್ದೆ. ನಿನಗೇನು ಗೊತ್ತು ಎಂಬ ನೋಟ ಅದು ಎಂದೇ ನೆನೆದಿದ್ದೆ. ಅಪ್ಪ ನನ್ನನ್ನು ಕೇಳುತ್ತಿದ್ದ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿ? ಮಾಮಾ ಇದ್ದಷ್ಟು ದಿನ ನೀ ಅವರ ಎದ್ರು ಕೂರೂದು ಹ್ಯಾಂಗೆ?"

ಭಾವ ಈಗಲೂ ಅದೇ ಅಂಗಡಿಯಲ್ಲಿದ್ದಾನೆ. ಅವನ ಮಗಳು ಓದುತ್ತಿದ್ದಾಳೆ. ಅವಳು ನಕ್ಕಾಗಲೆಲ್ಲ, ಅವಳದರಂತೆ ನನ್ನ ಉಸಿರೂ ಅವನು ಉಳಿಸಿಕೊಟ್ಟದ್ದು ಎನ್ನಿಸುತ್ತದೆ. ಅವನ ಕೈಗೆ, ಅವನ ಹೆಸರಿಗೆ ನಾನು ಏನು ಕೊಟ್ಟರೂ ಮುಗಿಯುವುದಿಲ್ಲ ಎಂದು ಗೊತ್ತು. ಆದರೂ ಭಾನುವಾರ ಅವನ ಹತ್ತಿರ ಹೋಗಿ ಕೂತಾಗ, ಬೇರೆ ಮಾತು ಮುಗಿದ ಮೇಲೆ, ಅಪ್ಪ ಆವತ್ತು ಹೇಳಿದ್ದನ್ನು ಇನ್ನೊಮ್ಮೆ ಹೇಳು ಎನ್ನುತ್ತೇನೆ. ದನಿ ಹೇಗಿತ್ತು, ನನ್ನ ಮಗ ಎನ್ನುವಾಗ ಎಲ್ಲಿ ನೋಡುತ್ತಿದ್ದ ಎಂದು ಕೇಳುತ್ತೇನೆ. ಭಾವ ಬೇಸರಿಸದೆ ಹೇಳುತ್ತಾನೆ. ನಾನು ಕೇಳುತ್ತ ಅವನ ಕಿವಿಯನ್ನೇ ನೋಡುತ್ತೇನೆ. ಅಪ್ಪ ನನ್ನ ಬಗ್ಗೆ ಆಡಿದ ಆ ಮಾತು ಬಿದ್ದದ್ದು ಕೂಡ ಆ ಕಿವಿಗೇ, ನನ್ನದಕ್ಕಲ್ಲ.